ವಿಷ್ಣುಮೂರ್ತಿ ರಾಯರ ಫ್ರೆಂಚ್ ಊಟದ ಕೋಣೆ

ವಿಷ್ಣುಮೂರ್ತಿ ರಾಯರು ಕೂತು ಊಟ ಮಾಡಿದ್ದನ್ನು ಕಂಡವರು ಇಡೀ ಚೆನ್ನೈಯಲ್ಲಿ ಒಬ್ಬರೂ ಇರಲಿಲ್ಲ. ಅವರ ಹೆಂಡತಿ ಸರಸಕ್ಕನನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ನಡುವೆ ಅವರದೊಂದು ಸಸ್ಯಾಹಾರಿ ಹೋಟೆಲು. ಕುಂದಾಪುರದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ನಿಂತವರು. ನಿಂತವರು ಎಂದು ತಿಳಿದೇ ಬರೆದಿದ್ದೇನೆ. ಗಲ್ಲಾದ ಹಿಂದೆ ಕುರ್ಚಿಯೇನೋ ಇತ್ತು, ಅದರ ಮೇಲೆ ಅವರ ಕೊಡೆ ಕೂತಿರುತ್ತಿತ್ತು.

ಅವರಿಗೆ ಒಲಿದ ವಿದ್ಯೆ ಒಂದೇ: ಉಂಡವನನ್ನು ನೋಯಿಸದೆ ಏಳಿಸುವುದು. ಮಧ್ಯಾಹ್ನದ ಹೊತ್ತಿಗೆ ಒಂದೊಂದು ಕುರ್ಚಿಯ ಹಿಂದೆಯೂ ಇಬ್ಬರು ಕಾದು ನಿಂತಿರುವ ಹೋಟೆಲದು. ಕೊನೆಯ ತುತ್ತು ಬಾಯಿಗೆ ಹೋಗುವುದಕ್ಕೂ ತಟ್ಟೆ ಮಾಯವಾಗುವುದಕ್ಕೂ ನಡುವೆ ಗಾಳಿ ನುಗ್ಗಬಾರದು. ಆಮೇಲೆ ಒದ್ದೆ ಬಟ್ಟೆ ಮೇಜಿನ ಮೇಲೆ ಸುತ್ತು ಹಾಕುತ್ತಾ ಗಿರಾಕಿಯ ಮೊಣಕೈ ಹತ್ತಿರ ಬರಬೇಕು, ಆದರೆ ತಾಗಬಾರದು. ಕೊನೆಗೆ ರಾಯರೇ ಬಂದು, ಬಗ್ಗಿ, "ಮತ್ತೆಂತ ಬೇಕು?" ಎಂದು ಜೇನಿನಂಥ ದನಿಯಲ್ಲಿ ಕೇಳುವರು. ಅದನ್ನು ಕೇಳಿದ ಮನುಷ್ಯನಿಗೆ ಮನೆಯಲ್ಲಿ ಏನೋ ತುರ್ತು ಕೆಲಸ ಇದ್ದದ್ದು ನೆನಪಾಗುತ್ತಿತ್ತು. ಬೇರೆಯವರು ರಾಗಾಲಾಪನೆಯ ಸೂಕ್ಷ್ಮ ವಿವರಿಸುವಂತೆ ಅವರು ಇದನ್ನು ನನಗೆ ವಿವರಿಸಿದ್ದಾರೆ. ಅವರ ಊಟವೋ, ಗಿರಾಕಿಗಳೆಲ್ಲ ಕರಗಿದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಟ್ಟೆ ಎಡಗೈಯಲ್ಲಿ, ಕಣ್ಣು ಹಾಲ್‌ ಕಡೆ.

ಕ್ರೋಂಪೇಟೆಯಲ್ಲಿ ಅವರ ಫ್ಲ್ಯಾಟು ನಮ್ಮ ಫ್ಲ್ಯಾಟಿನ ಕೆಳಗೇ ಇದೆ. ಅಲ್ಲಿಗೆ ಅವರು ಮಲಗಲು ಮಾತ್ರ ಬರುತ್ತಿದ್ದರು. ಹೀಗಿರುವಾಗ ಅವರ ಮಂಡಿಗಳು ಮುಷ್ಕರ ಹೂಡಿದವು. ನಿಂತದ್ದು ಸಾಕು ಎಂದರು ಡಾಕ್ಟರು. ಹೋಟೆಲನ್ನು ತಮ್ಮನ ಮಗ ಪ್ರವೀಣನ ಕೈಗಿಟ್ಟು ರಾಯರು ಮನೆಗೆ ಬಂದರು.

ಸರಸಕ್ಕನಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಗೋಡೆಗೆ ಮಡಚಿಡುವ ಒಂದು ಸಣ್ಣ ಮೇಜಿನ ಮುಂದೆ ಒಬ್ಬರೇ ಉಂಡವರು. ಮಗಳು ಹುಟ್ಟಿದ ಮೇಲೆ ಇಬ್ಬರಾದರು, ಮಗಳಿಗೆ ಕೆಲಸ ಸಿಕ್ಕ ಮೇಲೆ ಮತ್ತೆ ಒಬ್ಬರು. "ಇನ್ನು ಅವರು ಎದುರು ಕೂತು ಉಣ್ತಾರೆ, ವಂದನಾ" ಎಂದು ನನ್ನ ಹೆಂಡತಿಯ ಹತ್ತಿರ ಹೇಳುವಾಗ ಆ ಮುಖ ನೋಡಬೇಕಿತ್ತಂತೆ. "ಅದಕ್ಕೊಂದು ಸರಿಯಾದ ಮೇಜು ಬೇಕು. ಅಷ್ಟೇ ನನ್ನ ಆಸೆ."

ಮಗಳು ಹರ್ಷಿಣಿಗೆ ಪೆರುಂಗುಡಿಯ ಆಫೀಸಿನಲ್ಲಿ ಏನು ಕೆಲಸ ಎಂದು ನನಗೆ ಇಂದಿಗೂ ಸರಿಯಾಗಿ ತಿಳಿಯದು, ಆದರೆ ಅಭಿರುಚಿ ಇದೆ ಎಂಬುದು ಗೊತ್ತು, ಅವಳೇ ಹೇಳಿದ್ದಾಳೆ. ಅವಳು ಫೋನಿನಲ್ಲಿ ಚಿತ್ರಗಳನ್ನು ಜಾರಿಸುತ್ತಾ ಹೋದಳು. ಒಂದರ ಹತ್ತಿರ ಸರಸಕ್ಕ ತಡೆದರು. ಫ್ರಾನ್ಸಿನ ಯಾವುದೋ ಹಳ್ಳಿಮನೆ. ಮಾಸಿದ ಉದ್ದ ಮೇಜು, ಅತ್ತಿತ್ತ ಒಬ್ಬ ಮುದುಕ ಒಬ್ಬಳು ಮುದುಕಿ. ಊಟ ಮುಗಿದಿದೆ, ತಟ್ಟೆಗಳು ಹಾಗೇ ಇವೆ, ಇಬ್ಬರೂ ಏನೂ ಮಾಡುತ್ತಿಲ್ಲ.

"ಇದು ಬೇಕು" ಎಂದರು ಸರಸಕ್ಕ.

"ಫ್ರೆಂಚ್ ಕಂಟ್ರಿ ಕಾಟೇಜ್! ಸೂಪರ್ ಮಾ" ಎಂದಳು ಹರ್ಷಿಣಿ. ತಾಯಿ ಕೇಳಿದ್ದು ಆ ಇಬ್ಬರನ್ನು, ಮಗಳು ತರಿಸಲು ಹೊರಟದ್ದು ಮೇಜನ್ನು.

ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಇಬ್ಬರು ತಜ್ಞರು. ಊಟದ ಕೋಣೆಯ ವಿಷಯದಲ್ಲಿ ತನಗೆ ಹೇಳಿಕೊಡುವವರು ಯಾರು ಎಂಬುದು ಅಪ್ಪನ ನಿಲುವು. "ಇದು ರೂಮಲ್ಲ ಪಾ, ಇದೊಂದು ಫೀಲಿಂಗ್" ಎಂಬುದು ಮಗಳ ನಿಲುವು. ಮರಗೆಲಸದ ಆಸಾರಿ ಹೊಸ ಮೇಜಿಗೆ ಬಿಳಿ ಬಣ್ಣ ಹೊಡೆದು, ಒಣಗಿದ ಮೇಲೆ ಮಗಳು ಹೇಳಿದಂತೆ ಮರಳುಕಾಗದದಿಂದ ಅಲ್ಲಲ್ಲಿ ಉಜ್ಜಿ ತೆಗೆಯತೊಡಗಿದಾಗ ರಾಯರು ಅವನ ಕೈ ಹಿಡಿದರು.

"ಎಂತ ಮಾಡ್ತಾ ಇದ್ದಾನೆ ಇವ?"

"ಹಳೇದು ಮಾಡ್ತಿದ್ದಾನೆ ಪಾ. ನೂರು ವರ್ಷ ಜನ ಊಟ ಮಾಡಿದ ಹಾಗೆ ಕಾಣಬೇಕು."

"ಹಾಗಾದ್ರೆ ನಮ್ಮ ಹೋಟೆಲಿಗೆ ಕಳಿಸು. ಒಂದೇ ತಿಂಗಳಲ್ಲಿ ಮಾಡಿ ಕೊಡ್ತಾರೆ."

ಕುರ್ಚಿಗಳು ಬಂದವು. ಬೇಕೆಂದೇ ಒಂದರಂತೆ ಇನ್ನೊಂದಿಲ್ಲ. ರಾಯರು ಪ್ರತಿಯೊಂದನ್ನೂ ಅಲುಗಾಡಿಸಿ ನೋಡಿ, "ಗಿರಾಕಿ ಇದು ಯಾರದೋ ಮನೆ ಹರಾಜು ಅಂತಾನೆ" ಎಂದರು. ಮನೆಯಲ್ಲಿ ಗಿರಾಕಿ ಎಲ್ಲಿಂದ ಬರುತ್ತಾನೆ ಎಂದು ಯಾರೂ ಕೇಳಲಿಲ್ಲ. ಗೋಡೆಗೆ ಬಾಗಿಲಿಲ್ಲದ ಕಪಾಟು, ಅದರಲ್ಲಿ ಹೂವಿನ ಚಿತ್ರದ ಪಿಂಗಾಣಿ ತಟ್ಟೆಗಳು ಸಾಲಾಗಿ ನಿಂತವು. ಲ್ಯಾವೆಂಡರ್ ಹೂವಿನ ಒಣ ಕಟ್ಟು ತೂಗಿತು, ಚೆನ್ನೈಯ ಸೆಕೆಗೆ ಅದು ಮೊದಲ ವಾರವೇ ಬೆವರಿ ಬೂಷ್ಟು ಹಿಡಿಯಿತು. ಕಿಟಕಿಗೆ ನೀಲಿ ಬಿಳಿ ಚೌಕುಳಿ ಪರದೆ. ಬಟ್ಟೆ ತಂದದ್ದು ಪುರಸೈವಾಕ್ಕಂನಿಂದಲೇ, ಹಾಗಾಗಿ ಅದು ಹೋಟೆಲಿನಲ್ಲಿ ಮೇಜು ಒರೆಸುವ ಬಟ್ಟೆಯ ಒಡಹುಟ್ಟಿನಂತಿತ್ತು. ಒಮ್ಮೆ ರಾಯರು ಏನೋ ಯೋಚನೆಯಲ್ಲಿ ಪರದೆಯ ತುದಿ ಎಳೆದು ಮೇಜು ಒರೆಸಿಯೇಬಿಟ್ಟರು. ಹರ್ಷಿಣಿ ಒಂದು ದಿನ ಮಾತು ಬಿಟ್ಟಳು.

ಆಮೇಲೆ ಹುಂಜ ಬಂತು. ಪಿಂಗಾಣಿಯದು, ಕೆಂಪು ಜುಟ್ಟಿನದು, ಮೇಜಿನ ನಟ್ಟನಡುವೆ ನಿಲ್ಲುವಂಥದ್ದು.

"ಇದೆಂತದು ಮಗಾ, ಅನ್ನ ಉಣ್ಣುವ ಜಾಗದಲ್ಲಿ ಕೋಳಿ?" ಎಂದರು ಸರಸಕ್ಕ.

"ಅಮ್ಮಾ, ಅದು ಫ್ರಾನ್ಸಿನ ಗುರುತು. ಅದಿಲ್ಲದೆ ಸ್ಟೈಲ್ ಕಂಪ್ಲೀಟ್ ಆಗಲ್ಲ."

"ನಮ್ಮ ದೇಶದ ಗುರುತು ನವಿಲು. ಅದನ್ನು ನಾವು ಸಾಂಬಾರಿನ ಪಕ್ಕ ಇಡ್ತೇವಾ?"

ನಮ್ಮವರು ಯಾರಾದರೂ ನೋಡಿದರೆ ಹೋಟೆಲಿನ ಹೆಸರೇ ಕೆಡುತ್ತದೆ ಎಂದು ರಾಯರು ಹೆದರಿದರು. ಕೊನೆಗೆ ಹುಂಜ ಫ್ರಿಜ್ಜಿನ ಮೇಲೆ ಗೋಡೆಗೆ ಮುಖ ಮಾಡಿ ನಿಂತಿತು.

ಮೇಜಿನ ಪ್ರಾರಂಭೋತ್ಸವಕ್ಕೆ ನನ್ನನ್ನೂ ವಂದನಾಳನ್ನೂ ಊಟಕ್ಕೆ ಕರೆದರು. ಸರಸಕ್ಕ ಅಂದು ಬಹಳ ಯೋಚಿಸಿ ಏರ್ಪಾಟು ಮಾಡಿದ್ದರು. ಅನ್ನ, ಸಾರು, ಹುಳಿ, ಪಲ್ಯ, ಮಜ್ಜಿಗೆ ಎಲ್ಲವೂ ಮೇಜಿನ ಮೇಲೇ, ಎಲ್ಲಕ್ಕೂ ಒಂದೊಂದು ಸೌಟು. "ಯಾರೂ ಏಳುವ ಕೆಲಸ ಇಲ್ಲ. ಬೇಕಾದ್ದು ಬೇಕಾದಷ್ಟು ಹಾಕಿಕೊಳ್ಳುದು" ಎಂದು ಗಂಡನ ಮುಖ ನೋಡಿಯೇ ಹೇಳಿದರು. ರಾಯರು ಕೂತರು. ಕುರ್ಚಿಯ ತುದಿಯಲ್ಲಿ, ಬಸ್ಸು ಈಗ ಬರುತ್ತದೆ ಎನ್ನುವವರ ಹಾಗೆ. ನನ್ನ ಸಾರಿನ ಬಟ್ಟಲು ತಳ ಕಂಡದ್ದೇ ತಡ, ಎದ್ದರು.

"ಕೂತ್ಕೊಳ್ಳಿ ಮಾರಾಯ್ರೆ. ಅವರೇ ಹಾಕಿಕೊಳ್ತಾರೆ" ಎಂದರು ಸರಸಕ್ಕ.

"ಗಿರಾ... ನೆಂಟರು ಹಾಕಿಕೊಳ್ಳುದಾ?"

ಆಮೇಲೆ ರಾಯರು ಕೂರಲಿಲ್ಲ. ಎಡಗೈಯಲ್ಲಿ ಹುಳಿ, ಬಲಗೈಯಲ್ಲಿ ಸೌಟು, ಕುರ್ಚಿಗಳ ಹಿಂದೆ ಮಂಡಿ ಎಳೆಯುತ್ತಾ ಪ್ರದಕ್ಷಿಣೆ. ನಾನು ಮಜ್ಜಿಗೆಗೆ ಇನ್ನೊಂದು ಹಿಡಿ ಅನ್ನ ಹಾಕಿಕೊಳ್ಳಬೇಕೆಂದು ಒಂದು ಗಳಿಗೆ ಕೈ ನಿಲ್ಲಿಸಿದೆ, ತಟ್ಟೆ ಹೋಯಿತು. ಸರಸಕ್ಕ ಆಗಷ್ಟೇ ತಮ್ಮ ತವರಿನ ಒಂದು ಮದುವೆಯ ಕಥೆ ತೆಗೆದಿದ್ದರು. ಅವರು ಅಷ್ಟು ಹುರುಪಿನಲ್ಲಿ ಮಾತಾಡಿದ್ದು ನಾವು ಕೇಳಿರಲಿಲ್ಲ. ದಿಬ್ಬಣದ ದೋಣಿ ಹೊಳೆಯ ನಡುವೆ ಇರುವಾಗ ಅವರ ಕೊನೆಯ ತುತ್ತು ಮುಗಿಯಿತು. ಹಿಂದಿನಿಂದ ಒಂದು ಕೈ ಬಂದು ತಟ್ಟೆ ಎತ್ತಿತು, ಇನ್ನೊಂದು ಕೈ ಒದ್ದೆ ಬಟ್ಟೆಯಿಂದ ಅವರ ಮೊಣಕೈಯ ತನಕ ಒರೆಸಿತು. ಸರಸಕ್ಕ ಎದ್ದು ಕೈ ತೊಳೆಯಲು ಹೋದರು. ದೋಣಿ ದಡ ಸೇರಿತೋ ಇಲ್ಲವೋ, ನಮಗೆ ಈಗಲೂ ಗೊತ್ತಿಲ್ಲ.

ಮರುದಿನ ಸರಸಕ್ಕ ಸುತ್ತಿಬಳಸದೆ ಕೇಳಿದರಂತೆ: "ನನಗೆ ಬಡಿಸುವವರು ಬೇಡ. ಎದುರು ಕೂರುವವರು ಬೇಕು. ಆಗ್ತದಾ ನಿಮ್ಮಿಂದ?" ರಾಯರು ಕೆಟ್ಟವರಲ್ಲ. ಆಗುತ್ತದೆ ಎಂದು ಒಪ್ಪಿ, ಕೈಗೆ ಸಿಗದ ಹಾಗೆ ಒದ್ದೆ ಬಟ್ಟೆಯನ್ನು ತಾವೇ ಬಾಲ್ಕನಿಯಲ್ಲಿ ಒಣಗಲು ಹಾಕಿ ಬಂದು ಕೂತರು. ಸರಸಕ್ಕ ಒಂದು ಉಪಾಯ ಕಂಡುಕೊಂಡಿದ್ದರು. ತಟ್ಟೆಯಲ್ಲಿ ಅನ್ನ ಇರುವ ತನಕ ಅದನ್ನು ಎತ್ತುವುದು ಹೋಟೆಲಿನ ಧರ್ಮವಲ್ಲ. ಆದ್ದರಿಂದ ಕೊನೆಯ ತುತ್ತನ್ನು ಉಣ್ಣದೆ ತಟ್ಟೆಯ ಅಂಚಿನಲ್ಲಿ ಉಳಿಸಿದರು. ರಾಯರ ಕಣ್ಣು ಆ ತುತ್ತಿನ ಮೇಲೆ. ಸರಸಕ್ಕನ ಕಣ್ಣು ರಾಯರ ಮೇಲೆ. ಕೊನೆಗೆ ರಾಯರೇ ಕೇಳಿದರು.

"ಮತ್ತೆಂತ ಬೇಕು?"

"ಏನೂ ಬೇಡ. ಸ್ವಲ್ಪ ಮಾತಾಡಿ."

ರಾಯರು ನಿಜವಾಗಿಯೂ ಯೋಚಿಸಿದರಂತೆ, ಹಣೆಯಲ್ಲಿ ಬೆವರು ಬರುವ ತನಕ. "ಸಾರಿಗೆ ಉಪ್ಪು ಸರಿ ಉಂಟಾ?"

"ನಾನೇ ಮಾಡಿದ್ದಲ್ಲವಾ."

"ಹೌದು, ಹೌದು."

ಅಷ್ಟರಲ್ಲಿ ರಾಯರ ತಟ್ಟೆಯ ಅನ್ನ ಒಣಗಿತ್ತು. ಕೂತರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವರು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು. ಕಾಯಿಲೆಯ ಲಕ್ಷಣ ಹೇಳುವವರಂತೆ, ತಗ್ಗಿದ ದನಿಯಲ್ಲಿ.

ಹೀಗೆ ಕೆಲವು ದಿನ ಸಾಧನೆ ನಡೆಯಿತು. ಒಂದು ಬೆಳಿಗ್ಗೆ ರಾಯರು ಕೊಡೆ ಹಿಡಿದು ಕ್ರೋಂಪೇಟೆ ಸ್ಟೇಷನ್ನಿಗೆ ನಡೆದರು. ಪ್ರವೀಣನನ್ನು ಸುಮ್ಮನೆ ಕಂಡು ಬರುತ್ತೇನೆ ಎಂದಿದ್ದರು. ಸುಮ್ಮನೆ ಕಾಣುವುದು ದಿನವೂ ನಡೆಯಿತು. ಆದರೆ ಅಲ್ಲಿ ಕಾಲ ತಿರುಗಿತ್ತು. ಪ್ರವೀಣ ಮಾಳಿಗೆಯ ಹಾಲ್‌ಗೆ ಮೆತ್ತನೆಯ ಸೋಫಾ ಹಾಕಿಸಿದ್ದ. ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಬಿಚ್ಚಿಟ್ಟು ಒಂದು ಕಾಫಿಯ ಮೇಲೆ ಅರ್ಧ ಹಗಲು ಕಳೆಯುತ್ತಿದ್ದರು, ಅವನಿಗೂ ಅದೇ ಬೇಕಿತ್ತು. ರಾಯರು ಮಂಡಿ ಹಿಡಿದು ಮೆಟ್ಟಿಲು ಹತ್ತಿ ಅವರ ಮೊಣಕೈಯ ಸುತ್ತ ಒರೆಸತೊಡಗಿದರು.

ಪ್ರವೀಣ ನನಗೆ ಫೋನ್ ಮಾಡಿದ. "ಸಾರ್, ನೀವಾದ್ರೂ ಸ್ವಲ್ಪ ಹೇಳಿ. ದೊಡ್ಡಪ್ಪ ಬಂದು ಪಕ್ಕದಲ್ಲಿ ನಿಂತ್ರೆ ಇಡೀ ಟೇಬಲ್ ಎದ್ದು ಹೋಗ್ತದೆ. ನಾನು ಹೇಗೆ ಹೇಳುದು? ನನಗೆ ಕೆಲಸ ಕಲಿಸಿದ್ದೇ ಅವರು."

ನಾನು ಹೇಳಲಿಲ್ಲ, ಮಂಡಿ ಹೇಳಿತು. ಒಂದು ದಿನ ಆ ಮೆಟ್ಟಿಲಲ್ಲೇ ರಾಯರು ಕುಸಿದರು, ಆಟೋದಲ್ಲಿ ಮನೆಗೆ ತಂದರು. ಇನ್ನು ಪುರಸೈವಾಕ್ಕಂಗೆ ಹೋಗುವ ಮಾತಿಲ್ಲ.

ಹರ್ಷಿಣಿ ಊಟದ ಕೋಣೆಯ ಫೋಟೋವನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದಾಳೆ. ಬಹಳ ಜನ ಮೆಚ್ಚಿದ್ದಾರೆ. ಈಗ ಬಾಲ್ಕನಿಯನ್ನು ಮೊರಾಕೊ ಶೈಲಿಗೆ ತಿರುಗಿಸುವ ಆಲೋಚನೆಯಲ್ಲಿದ್ದಾಳೆ, ಅಪ್ಪನ ಒದ್ದೆ ಬಟ್ಟೆ ಒಣಗಿಸಲು ಬೇರೆ ಜಾಗ ಹುಡುಕಬೇಕಂತೆ.

ರಾಯರು ಈಗ ಮಧ್ಯಾಹ್ನ ತಪ್ಪದೆ ಮನೆಯಲ್ಲಿರುತ್ತಾರೆ. ಅಡುಗೆಮನೆಯ ಬಾಗಿಲಿಗೆ ಒರಗಿ, ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ನಿಂತು ಉಣ್ಣುತ್ತಾರೆ. ಉಣ್ಣುತ್ತಾ ಉದ್ದ ಮೇಜಿನ ಒಂದು ಕೊನೆಯಲ್ಲಿ ಕೂತ ಹೆಂಡತಿಗೆ ಏನು ಕಡಿಮೆಯಾಗಿದೆ ಎಂದು ಗಮನಿಸುತ್ತಾರೆ. ಮೊನ್ನೆ ವಂದನಾ ಹೋದಾಗಲೂ ಹಾಗೇ ಇದ್ದರು. ಅವರಿಗೆ ಕೇಳಿಸುವಂತೆಯೇ ಸರಸಕ್ಕ ಹೇಳಿದರಂತೆ, "ಇಷ್ಟು ವರ್ಷ ಆ ಹೋಟೆಲಿಗೆ ಶಾಪ ಹಾಕಿಕೊಂಡು ಉಂಡೆ. ಅದು ಬಿಟ್ಟುಕೊಟ್ರೆ ಬರ್ತಾರೆ ಅಂತ ಆಸೆಯಾದ್ರೂ ಇತ್ತಲ್ಲ. ಈಗ ಬಂದಾಯ್ತು."

ರಾಯರು ಸಾರಿನ ಪಾತ್ರೆ ಹಿಡಿದು ಹತ್ತಿರ ಬಂದರು. ಸರಸಕ್ಕ ಬೇಡ ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಉಳಿದಿದ್ದ ಅನ್ನವನ್ನು ಬೇಗ ಬೇಗ ಉಂಡು ಎದ್ದರು.