ಮಂಡಿಯೂರುವ ಪಾತ್ರ

ತೋರಿಬಿಯೊ ಸಾಲಸ್ ಇಪ್ಪತ್ತು ಚಿಲ್ಲರೆ ವರ್ಷ ನಾಟಕಗಳಲ್ಲಿ ಒಂದೇ ಕೆಲಸ ಮಾಡಿದ, ಸೋತ ನಾಡಿನ ದೊರೆಯ ಪಾತ್ರ. ಮೊದಲ ಅಂಕದಲ್ಲಿ ಗರಿಯ ಕಿರೀಟ ತೊಟ್ಟು ಗರ್ಜಿಸುವುದು, ಎರಡನೆಯದರಲ್ಲಿ ಸೋಲುವುದು, ಮೂರನೆಯದರ ಕೊನೆಗೆ ಶಿಲುಬೆಯ ಮುಂದೆ ಮಂಡಿಯೂರುವುದು. ಕವಿಗಳು ಬದಲಾದರು. ನಾಟಕದಲ್ಲಿ ನಮ್ಮವರು ಗೆದ್ದುಕೊಳ್ಳುವ ನಾಡೂ ಬದಲಾಯಿತು, ಒಮ್ಮೆ ಪೆರು, ಒಮ್ಮೆ ಚಿಲಿ. ಮಂಡಿ ಮಾತ್ರ ಅವನದೇ. ಅವನ ತಾಯಿ ಪೆರುವಿನಿಂದ ಒಬ್ಬ ಕಪ್ತಾನನ ಮನೆಗೆಲಸಕ್ಕೆಂದು ಸಮುದ್ರ ದಾಟಿ ಸೆವಿಯ್ಯಾ ಪಟ್ಟಣಕ್ಕೆ ಬಂದವಳು, ಮಗನಿಗೆ ತಾಯಿಯ ಬಣ್ಣ. ಮುಖಕ್ಕೆ ಬಳಿಯುವ ಖರ್ಚು ಉಳಿಯಿತೆಂದು ಎಲ್ಲ ಕಂಪನಿಯ ಯಜಮಾನರಿಗೂ ಖುಷಿ. ಅವನು ಹುಟ್ಟಿದ್ದು ಸೆವಿಯ್ಯಾದ ಮೀನಿನ ಓಣಿಯಲ್ಲಿ. ಆ ದೂರದ ನಾಡನ್ನು ಕಂಡವನೇ ಅಲ್ಲ. ನಾಟಕ ಬರೆದ ಮಹಾಶಯರೂ ಕಂಡಿರಲಿಲ್ಲ, ಬಿಡಿ.

ನಾನು ಒಲಾಯ. ಅದೇ ನಾಟಕಗಳಲ್ಲಿ ನನ್ನದು ಧರ್ಮದ ಪಾತ್ರ, ಅಂದರೆ ಕ್ರೈಸ್ತ ಧರ್ಮವೇ ಹೆಣ್ಣುರೂಪ ತಾಳಿ ಬರುವುದು. ಬಿಳಿ ನಿಲುವಂಗಿ ತೊಟ್ಟು, ಹಗ್ಗಕ್ಕೆ ಕಟ್ಟಿದ ಹಲಗೆಯ ಮೋಡದ ಮೇಲೆ ಕೂತು ಕೆಳಗಿಳಿದು, ಅವನ ತಲೆಯ ಮೇಲೆ ಕೈಯಿಡಬೇಕು. ಹಲಗೆ ಕಿರುಗುಟ್ಟಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಹೀಗೆ ಅವನನ್ನು ಅದೆಷ್ಟು ಸಲ ಕ್ರೈಸ್ತನನ್ನಾಗಿ ಮಾಡಿದೆನೋ. ನಿಜದಲ್ಲಿ ಬೆಳಗಿನ ಪೂಜೆಗೆ ನನಗಿಂತ ಮೊದಲು ಇಗರ್ಜಿಯಲ್ಲಿ ಇರುತ್ತಿದ್ದವನು ಅವನು.

ಆಗ ನಾವು ಆಡುತ್ತಿದ್ದ ನಾಟಕದ ಎರಡನೆಯ ಅಂಕದಲ್ಲಿ ಅವನದೊಂದು ಮಾತಿತ್ತು. ನಾಡು ಗೆಲ್ಲಲು ಬಂದ ಕಪ್ತಾನನನ್ನು ಕೇಳುತ್ತಾನೆ: “ನಿಮ್ಮ ದೇವರು ಬಡವನೆನ್ನುತ್ತೀರಿ. ಹಾಗಿದ್ದರೆ ಬಂದ ದಿನವೇ ನನ್ನ ಚಿನ್ನ ಎಲ್ಲಿದೆಯೆಂದು ಕೇಳಿದ್ದೇಕೆ?” ಅಂಗಳದಲ್ಲಿ ನಿಂತು ನೋಡುತ್ತ ಸೌತೆಕಾಯಿ ಎಸೆದು ಸಿಳ್ಳೆ ಹಾಕುವ ಜನವೂ ಆಗ ತೆಪ್ಪಗಾಗುತ್ತಿತ್ತು. ನಾಟಕ ಪರಿಶೀಲಿಸುವ ಪಾದ್ರಿಗಳೂ ಆ ಮಾತನ್ನು ಬಿಟ್ಟಿದ್ದರು. ಕೊನೆಗೆ ಹೇಗೂ ಮಂಡಿಯೂರುತ್ತಾನಲ್ಲ.

ಒಂದು ವರ್ಷ ತೊಲೆದೊ ಪಟ್ಟಣದಲ್ಲಿದ್ದೆವು. ಅವನ ಮಂಡಿಗಳು ಊದಿಕೊಂಡಿದ್ದವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದ. ಬೂದಿ ಬುಧವಾರ ಬಂದರೆ ಈಸ್ಟರ್‌ವರೆಗೆ ಉಪವಾಸದ ಕಾಲ, ನಾಟಕದ ಅಂಗಳಗಳಿಗೆ ಬೀಗ. ಆ ತಪಸ್ಸುಕಾಲದಲ್ಲೇ ಕಂಪನಿಗಳು ಒಡೆದು ಮತ್ತೆ ಕೂಡುತ್ತವೆ, ಮುಂದಿನ ವರ್ಷಕ್ಕೆ ಯಾರು ಇರಬೇಕು, ಯಾರಿಗೆ ಯಾವ ಪಾತ್ರ ಎಂಬ ಕರಾರು ಆಗುತ್ತದೆ. ಅದಕ್ಕೆ ಮುಂಚೆಯೇ ಅವನು ನಮ್ಮ ಯಜಮಾನ ಮೆಲ್ಚೊರ್ ಅರ್ಸೆಯ ಬಳಿ ಹೋದ. ನಾನೂ ಜೊತೆಗಿದ್ದೆ.

“ಯಜಮಾನ್ರೇ, ಮುಂದಿನ ವರ್ಷ ನಂಗೆ ಆ ನ್ಯಾಯಾಧೀಶನ ಪಾತ್ರ ಕೊಡಿ. ಕುರ್ಚಿ ಮೇಲೆ ಕೂತಿರ್ತಾನಲ್ಲ, ಅವನದು.”

ಅರ್ಸೆ ನಕ್ಕ. “ನಿನ್ನ ಮೋರೆ ನೋಡ್ಕೊಂಡಿದೀಯೇನೋ? ನ್ಯಾಯಾಧೀಶ ಅಂದ್ರೆ ಜನ ನಂಬ್ತಾರಾ?”

“ಬಣ್ಣ ಬಳ್ಕೊಂಡ್ರಾಯ್ತು. ಮಂಡಿ ಹೋಗಿದೆ, ಯಜಮಾನ್ರೇ.”

“ಮಂಗಳವಾರದ ಆಟ ಮುಗೀಲಿ, ನೋಡೋಣ.”

ಅಷ್ಟಕ್ಕೇ ಅವನ ಮುಖ ಅರಳಿತು. ಕುರ್ಚಿಯಲ್ಲಿ ಹೇಗೆ ಕೂರಬೇಕೆಂದು ಬಿಡಾರದಲ್ಲಿ ನನಗೆ ಕೂತು ತೋರಿಸಿದ.

ಬೂದಿ ಬುಧವಾರದ ಹಿಂದಿನ ಆ ಮಂಗಳವಾರ ವರ್ಷದ ಕೊನೆಯ ಆಟ, ಅಂಗಳ ಕಿಕ್ಕಿರಿದಿತ್ತು. ಅವನು ಮಂಡಿಯೂರಿದ, ನಾನು ಮೋಡದಿಂದಿಳಿದು ತಲೆಯ ಮೇಲೆ ಕೈಯಿಟ್ಟೆ. ಅವನು ಎದ್ದು ನಿಂತು ಶಿಲುಬೆಯನ್ನು ಹೊರಬೇಕು. ಏಳಲಿಲ್ಲ.

“ಅಣ್ಣ, ಏಳು,” ಎಂದೆ ಮೆಲ್ಲಗೆ.

“ಆಗ್ತಿಲ್ಲ ಕಣೇ. ಕಾಲೇ ಇಲ್ಲ ಅನ್ನಿಸ್ತಿದೆ. ಎತ್ತು.”

ತೋಳು ಹಿಡಿದೆತ್ತಲು ನೋಡಿದೆ, ಅಲುಗಲಿಲ್ಲ. ಅವನ ಕಣ್ಣಲ್ಲಿ ನೀರು, ತುಟಿ ನಡುಗುತ್ತಿತ್ತು. ಹೆಂಗಸರು ಕೂರುವ ಮೇಲಿನ ಮಾಳಿಗೆಯಿಂದ ಯಾರೋ, “ನೋಡ್ರೇ, ನಿಜವಾಗ್ಲೂ ಪ್ರಾರ್ಥನೆ ಮಾಡ್ತಿದಾನೆ,” ಎಂದರು. ಒಬ್ಬಳು ಬಿಕ್ಕಿದಳು, ಆಮೇಲೆ ಮಾಳಿಗೆಯೇ ಅತ್ತಿತು. ಕೆಳಗೆ ಗಂಡಸರು ಟೋಪಿ ತೆಗೆದರು. ನನಗೆ ಮೈಯೆಲ್ಲ ಉರಿಯಿತು, ಆದರೆ ಧರ್ಮದ ವೇಷದಲ್ಲಿದ್ದವಳು ಏನೆಂದು ಕೂಗಲಿ? ಕೊನೆಗೆ ಸೈನಿಕರ ವೇಷದವರು ಅವನನ್ನು ಎತ್ತಿಕೊಂಡು ಒಳಗೆ ಹೋದರು. ಜನ ಅದಕ್ಕೂ ಅತ್ತರು.

ಅರ್ಸೆ ಓಡೋಡಿ ಬಂದ. “ಎಂಥಾ ಕೆಲಸ ಮಾಡಿದೆಯೋ ಮಾರಾಯ. ಮುಂದಿನ ವರ್ಷ ಏಳೋದೇ ಬೇಡ. ಹಾಗೇ ಇರು, ತುಟಿ ಅಲ್ಲಾಡಿಸ್ತಾ ಇರು.”

“ಕುರ್ಚಿ?” ಎಂದ ತೋರಿಬಿಯೊ.

“ಯಾವ ಕುರ್ಚಿ?”

ನಾನು ಬಾಯಿಗೆ ಬಂದಂತೆ ಬೈದೆ. ಅರ್ಸೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತೋರಿಬಿಯೊ ಜಗಳವಾಡಲಿಲ್ಲ. ಮಂಡಿ ಹೋದವನನ್ನು ಬೇರೆ ಯಾವ ಕಂಪನಿ ಸೇರಿಸಿಕೊಳ್ಳುತ್ತದೆ? ಕರಾರಿಗೆ ಒಪ್ಪಿದ.

ಈಸ್ಟರ್ ಕಳೆದು ತಾಲೀಮು ಶುರುವಾಯಿತು. ಕೊನೆಯ ದೃಶ್ಯ ಉದ್ದವಾಗಿತ್ತು, ಹಾಡು, ಗಂಟೆ, ಧೂಪ ಎಲ್ಲ ಸೇರಿತ್ತು. ಸಂಜೆಯೊಳಗೆ ಆಟ ಮುಗಿಯಬೇಕಲ್ಲ, ಅದಕ್ಕೆ ಅರ್ಸೆ ಎರಡನೆಯ ಅಂಕದ ಚಿನ್ನದ ಮಾತನ್ನು ಕತ್ತರಿಸಿದ್ದ. ಜನ ಅಳಲು ಬರುತ್ತಾರೆ, ಯೋಚಿಸಲು ಅಲ್ಲ ಎಂದ.

ಆ ಸಂಜೆ ತೋರಿಬಿಯೊನ ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಅವನು ಅಳುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ವೇದಿಕೆಯ ಹೊರಗೆ ಕಂಡಿರಲಿಲ್ಲ.

“ನೋವಾ ಅಣ್ಣ?”

“ನೋವು ಹಳೇದು. ಮಂಡಿ ಊರೋಕೆ ಮುಂಚೆ ನನ್ನ ದೊರೆ ಒಂದು ಮಾತು ಕೇಳ್ತಿದ್ದ ಕಣೇ. ಈಗ ಬರೀ ಊರ್ತಾನೆ.”