ಏಳನೇ ನಂಬರಿನ ಕಲ್ಲು

ಚಿಮುಟದ ತುದಿಯಿಂದ ಕಲ್ಲು ಹಾರಿದ್ದು ಗೊಮೊಲೆಮೊಗೆ ಕಾಣಿಸಲಿಲ್ಲ, ಕೇಳಿಸಿತು. ಉಗುರು ಕತ್ತರಿಸಿದಾಗ ಬರುವಂಥ ಪುಟ್ಟ ಸದ್ದು. ಸೂಕ್ಷ್ಮದರ್ಶಕದ ಕೆಳಗೆ ಒಂದು ಗಳಿಗೆಯ ಹಿಂದೆ ಇದ್ದದ್ದು ಈಗ ಇರಲಿಲ್ಲ. ಅವಳು ಉಸಿರು ಬಿಗಿಹಿಡಿದು ಕೂತಳು, ಉಸಿರಾಡಿದರೆ ಅದು ಇನ್ನಷ್ಟು ದೂರ ಹೋದೀತು ಎನ್ನುವ ಹಾಗೆ.

ಜೋಹಾನ್ಸ್‌ಬರ್ಗಿನ ಜುಲೈ ತಿಂಗಳು. ಗಾಳಿಯಲ್ಲಿ ತೇವದ ಪಸೆಯೂ ಇಲ್ಲದ ಒಣ ಚಳಿ. ಇಂಥ ದಿನಗಳಲ್ಲಿ ಕೈಗವಸು ಹಾಕಿಕೊಂಡರೆ ರಬ್ಬರಿಗೆ ಸ್ಥಿರವಿದ್ಯುತ್ತು ಸೇರಿಕೊಂಡು ಸಣ್ಣ ಕಲ್ಲುಗಳು ಮಿಡತೆಯಂತೆ ಜಿಗಿಯುತ್ತವೆ ಎಂದು ಅವಳು ಕೈಗವಸು ಕಳಚಿಟ್ಟಿದ್ದಳು. ಆದರೂ ಜಿಗಿಯಿತು.

ಕಲ್ಲು ಎಂದರೆ ವಜ್ರ. ಉಂಗುರಕ್ಕೆ ಬಾರದ, ಜೋಳದ ನುಚ್ಚಿನಷ್ಟು ಗಾತ್ರದ ಕಂದು ವಜ್ರ. ಗಣಿಯವರು ಪರೀಕ್ಷೆಗೆಂದು ಎರವಲು ಕೊಟ್ಟ ಹನ್ನೊಂದು ಕಲ್ಲುಗಳಲ್ಲಿ ಇದು ಏಳನೆಯದು. ಇದರ ಹೊಟ್ಟೆಯೊಳಗೊಂದು ಚುಕ್ಕೆಯಿತ್ತು. ನೆಲದಿಂದ ಆರೇಳುನೂರು ಕಿಲೋಮೀಟರ್ ಕೆಳಗೆ ಹುಟ್ಟಿದ ಖನಿಜದ ಚುಕ್ಕೆ. ಅಂಥ ಖನಿಜ ತಾನಾಗಿ ಮೇಲೆ ಬಂದರೆ ದಾರಿಯಲ್ಲೇ ರೂಪ ಕಳೆದುಕೊಂಡು ಬೇರೇನೋ ಆಗಿಬಿಡುತ್ತದೆ. ವಜ್ರ ಅದನ್ನು ಬಸುರಿನಲ್ಲಿಟ್ಟುಕೊಂಡು ಒತ್ತಿ ಹಿಡಿದು ತಂದರೆ ಮಾತ್ರ ಉಳಿಯುತ್ತದೆ. ಪಿಎಚ್.ಡಿ. ಮುಗಿಸಿ ಎರಡು ವರ್ಷದ ಕರಾರಿನ ಮೇಲೆ ಈ ಪ್ರಯೋಗಾಲಯಕ್ಕೆ ಬಂದ ಗೊಮೊಲೆಮೊ ಹುಡುಕುತ್ತಿದ್ದದ್ದು ಅಂಥದೇ ಒಂದು ಚುಕ್ಕೆಯನ್ನು. ಹದಿನೆಂಟು ತಿಂಗಳಾದ ಮೇಲೆ ಏಳನೆಯದರಲ್ಲಿ ಅದು ಸಿಕ್ಕಿತ್ತು.

ಆದರೆ ಆ ಕ್ಷಣ ಅವಳಿಗೆ ಹೆದರಿಕೆಯಾದದ್ದು ಚುಕ್ಕೆಗಾಗಿ ಅಲ್ಲ. ಆ ದೇಶದಲ್ಲಿ ಪರವಾನಗಿಯಿಲ್ಲದೆ ಕಚ್ಚಾ ವಜ್ರ ಇಟ್ಟುಕೊಂಡವರು ಜೈಲಿಗೆ ಹೋಗುತ್ತಾರೆ. ಕಿಂಬರ್ಲಿಯಲ್ಲಿ ಹುಟ್ಟಿದ ಮಗುವಿಗೆ ಇದು ಮೊಲೆಹಾಲಿನ ಜೊತೆಗೇ ತಿಳಿದಿರುತ್ತದೆ.

ಕಲ್ಲುಗಳ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಮಿಸ್ಟರ್ ಅಡೋನಿಸ್ ಬಳಿ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆ ಮನುಷ್ಯನನ್ನು ಅವಳು ಅಂಕಲ್ ಎನ್ನುತ್ತಿದ್ದಳು. ಅವನು ಬಂದು ಫ್ಯಾನು ನಿಲ್ಲಿಸಿ, ಬಾಗಿಲ ಸಂದಿಗೆ ಬಟ್ಟೆ ತುರುಕಿದ. ಇಬ್ಬರೂ ಮೊಣಕಾಲ ಮೇಲೆ ಹರಿದಾಡುತ್ತ ಒದ್ದೆ ಹತ್ತಿಯಿಂದ ನೆಲ ಒರೆಸಿದರು, ಜರಡಿ ಹಿಡಿದರು, ಕುರ್ಚಿಯ ಚಕ್ರಗಳನ್ನು ಬಿಚ್ಚಿದರು. ಸಂಜೆ ನಾಲ್ಕೂವರೆಗೆ ಅವಳೇ ತನ್ನ ಜೇಬು, ಬೂಟು, ತಲೆಗೆ ಸುತ್ತಿದ್ದ ವಸ್ತ್ರ ಎಲ್ಲವನ್ನೂ ಅವನೆದುರು ಕೊಡವಿ ತೋರಿಸಿದಳು. ಅವನು ಮುಖ ತಿರುಗಿಸಿಕೊಂಡು ನಿಂತಿದ್ದ.

"ಸಾಕು ಬಿಡಮ್ಮ, ನಾನೇನು ಗಣಿ ಗೇಟಿನ ಪಹರೆಯವನಾ? ಹೋಗು, ಮಗೂನ ಕರ್ಕೊಂಡ್ಬಾ. ರೂಮಿಗೆ ಬೀಗ ಹಾಕಿ ಅರಗು ಮೆತ್ತುತೀನಿ. ನಾಳೆ ಒಂಬತ್ತರ ತನಕ ಪುಸ್ತಕದಲ್ಲಿ ಏನೂ ಬರಿಯಲ್ಲ. ಒಂಬತ್ತಾದ್ಮೇಲೆ ಬರೀಲೇಬೇಕು."

ಬರೆದರೆ ಅದು ನೇರ ಪೊಲೀಸರಿಗೆ ಹೋಗುತ್ತದೆ.

ಟ್ಯಾಕ್ಸಿ ವ್ಯಾನಿನಲ್ಲಿ ಹದಿನೈದು ಜನರ ನಡುವೆ ಒತ್ತಿಕೊಂಡು ಕೂತಾಗ ಅವಳಿಗೆ ಅಪ್ಪನ ನೆನಪಾಯಿತು. ಅಪ್ಪ ಕಿಂಬರ್ಲಿಯ ಗಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವನು. ಪಾಳಿ ಮುಗಿದ ಮೇಲೆ ಬತ್ತಲೆ ನಿಲ್ಲಿಸಿ ಬಾಯಿ, ಕಿವಿ, ಕಾಲ್ಬೆರಳ ಸಂದು ನೋಡಿಯೇ ಹೊರಗೆ ಬಿಡುತ್ತಿದ್ದರಂತೆ. ಅದನ್ನವನು ಮನೆಯಲ್ಲಿ ಎಂದೂ ಹೇಳಲಿಲ್ಲ, ಅಮ್ಮ ಹೇಳಿದ್ದು. ಊರ ಮಕ್ಕಳು ಗಾಜಿನ ಚೂರು ಹೆಕ್ಕಿ ಆಡಿದರೂ ಅಪ್ಪ ಕೈ ತಿರುಚಿ ಕೆಳಗೆ ಹಾಕಿಸುತ್ತಿದ್ದ. ಹಾಗೆ ಬೆಳೆದ ಹುಡುಗಿ ಕಲ್ಲು ಓದುತ್ತೇನೆಂದು ಹೊರಟಾಗ ಅಪ್ಪ ಮೂರು ದಿನ ಮಾತು ಬಿಟ್ಟಿದ್ದ. ನಾಲ್ಕನೇ ದಿನ, "ಓದು. ಆದ್ರೆ ಕೈ ಮಾತ್ರ ಯಾವಾಗ್ಲೂ ಮೇಜಿನ ಮೇಲಿರ್ಲಿ, ಎಲ್ಲಾರಿಗೂ ಕಾಣೋ ಹಾಗೆ," ಎಂದಿದ್ದ.

ಶಿಶುವಿಹಾರ ನಡೆಸುವ ಮ್ಮಾ ದಿನೇಒ ತಡವಾಯಿತೆಂದು ಬಾಗಿಲಲ್ಲೇ ಗೊಣಗಿದಳು. ಡಾಕ್ಟರಮ್ಮನ ಗಡಿಯಾರ ಕಲ್ಲಿನ ಗಡಿಯಾರ, ಕೋಟಿ ವರ್ಷಕ್ಕೊಮ್ಮೆ ಮುಳ್ಳು ಅಲ್ಲಾಡುತ್ತೆ ಎಂದಳು. ಬೇರೆ ದಿನವಾಗಿದ್ದರೆ ಗೊಮೊಲೆಮೊ ನಗುತ್ತಿದ್ದಳು. ಈಗ ಹದಿನಾಲ್ಕು ತಿಂಗಳ ಮಗಳು ಒನಾಳನ್ನು ಎತ್ತಿಕೊಂಡು ಅವಳ ಕುತ್ತಿಗೆಗೆ ಮುಖ ಒತ್ತಿದಳು, ತಣ್ಣಗಾಗಿದ್ದ ಕೆನ್ನೆಯನ್ನು ಅಂಗೈಯಿಂದ ಉಜ್ಜಿದಳು. ಮಗು ಎರಡು ಬೆರಳು ಬಾಯಲ್ಲಿಟ್ಟುಕೊಂಡು ಚೀಪುತ್ತಿತ್ತು.

ಮನೆಗೆ ಬಂದು ಮಗುವನ್ನು ಚಾಪೆಯ ಮೇಲೆ ಬಿಟ್ಟು ಅಪ್ಪನಿಗೆ ಫೋನು ಮಾಡಿದಳು. ಗಂಡ ಲಾರಿ ತೆಗೆದುಕೊಂಡು ಲುಸಾಕಾದ ದಾರಿಯಲ್ಲಿದ್ದ, ಅವನಿಗೆ ಹೇಳಿದರೆ ಗಾಡಿ ಓಡಿಸುತ್ತಲೇ ಕಂಗಾಲಾಗುತ್ತಾನೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

"ಗೊಮೊ, ಅಲ್ಲಿ ಜಿಡ್ಡು ಅನ್ನೋದೇನಾದ್ರೂ ಇತ್ತಾ?"

ಅವಳು ತನ್ನ ಮಣಿಕಟ್ಟು ತಿರುಗಿಸಿ ನೋಡಿಕೊಂಡಳು. ಅಪ್ಪ ದುಡಿದದ್ದು ಜಿಡ್ಡಿನ ಮೇಜಿನ ಮೇಲೆ. ಪುಡಿಮಾಡಿದ ಅದಿರನ್ನು ನೀರಿನ ಜೊತೆ ಜಿಡ್ಡು ಬಳಿದ ಮೇಜಿನ ಮೇಲೆ ಹರಿಯಬಿಡುತ್ತಾರೆ. ಉಳಿದ ಕಲ್ಲೆಲ್ಲ ಒದ್ದೆಯಾಗಿ ಜಾರಿಹೋಗುತ್ತದೆ. ವಜ್ರಕ್ಕೆ ನೀರು ಹತ್ತುವುದಿಲ್ಲ, ಅದೊಂದು ಮಾತ್ರ ಜಿಡ್ಡಿಗೆ ಕಚ್ಚಿಕೊಳ್ಳುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದೇ? ಪ್ರಯೋಗಾಲಯಕ್ಕೆ ಮುಲಾಮು ಹಚ್ಚಿಕೊಂಡು ಬರಬಾರದೆಂಬ ನಿಯಮ ಗೋಡೆಯ ಮೇಲೇ ಇತ್ತು. ಆದರೆ ಬೆಳಿಗ್ಗೆ ಮಗುವಿನ ಒಡೆದ ಕೆನ್ನೆಗೆ ವ್ಯಾಸಲೀನ್ ಸವರಿ, ಬೆರಳಲ್ಲಿ ಉಳಿದದ್ದನ್ನು ವ್ಯರ್ಥ ಮಾಡುವುದೇಕೆಂದು ತನ್ನ ಬಿರಿದ ಮಣಿಕಟ್ಟಿಗೆ ಒರೆಸಿಕೊಂಡಿದ್ದಳು. ಪ್ರತಿ ಚಳಿಗಾಲದ ಬೆಳಿಗ್ಗೆ ಆ ಊರಿನ ಪ್ರತಿ ತಾಯಿ ಮಾಡುವುದು ಅದೇ.

"ನನ್ನ ಕೈಯಲ್ಲಿತ್ತಪ್ಪಾ," ಎಂದಳು. "ಈ ಕೈಯಲ್ಲೇ ಮಗೂನ ಎತ್ಕೊಂಡೆ."

ಚಾಪೆಯ ಮೇಲೆ ಒನಾ ಬೆರಳು ಚೀಪುತ್ತಲೇ ಇದ್ದಳು.

ಅವಳು ಹಾರಿ ಹೋಗಿ ಬೆರಳನ್ನು ಬಾಯಿಂದ ಎಳೆದಳು, ಬಾಯಿ ಅಗಲಿಸಿ ನಾಲಿಗೆಯಡಿ, ಒಸಡಿನ ಹಿಂದೆ ತಡಕಿದಳು. ಮಗು ಕಿರುಚಿ ಅವಳ ಬೆರಳು ಕಚ್ಚಿತು. ಬಾಯಲ್ಲಿ ಏನೂ ಇಲ್ಲ. ಏನೂ ಇಲ್ಲವೆಂದರೆ ಹೊಟ್ಟೆಯಲ್ಲಿಲ್ಲ ಎಂದಲ್ಲವಲ್ಲ. ವಜ್ರದ ಅಂಚು ಎಂಥದ್ದೆಂದು ಅವಳು ನೂರು ಪಟ್ಟು ಹಿಗ್ಗಿಸಿ ನೋಡಿದ್ದಾಳೆ. ಅದು ಎಳೆಯ ಕರುಳಿನೊಳಗೆ ಹೊರಳುವ ಚಿತ್ರ ಕಣ್ಣಿಗೆ ಬಂತು.

ಫೋನಿನೊಳಗೆ ಅಪ್ಪ ಕೂಗುತ್ತಿದ್ದ. ಮೈ ತೊಳೆಯಬೇಡ, ಸೋಪಂತೂ ಬೇಡವೇ ಬೇಡ. ಗಣಿಯಲ್ಲಿ ಮಾಡುವ ಹಾಗೆ ಮಾಡು. ಮೊಂಡು ಅಲಗಿನಿಂದ ಜಿಡ್ಡನ್ನೆಲ್ಲ ಕೆರೆದು ತೆಗೆ, ಪಾತ್ರೆಯ ನೀರಿಗೆ ಹಾಕಿ ಕುದಿಸು. ಜಿಡ್ಡು ಮೇಲೆ ತೇಲುತ್ತೆ, ಕಲ್ಲು ತಳ ಹಿಡಿಯುತ್ತೆ.

"ಕುದಿಸಿದ್ರೆ ಒಳಗಿನ ಚುಕ್ಕೆಗೆ ಏನಾದ್ರೂ ಆದ್ರೆ?"

"ಪಾತಾಳದ ಬೆಂಕಿ ಉಂಡು ಬಂದಿದ್ದು ನಿನ್ನ ಗಂಜಿ ಪಾತ್ರೆಗೆ ಹೆದರುತ್ತೇನೇ? ಸುಮ್ನೆ ಹೇಳಿದ್ದು ಮಾಡು."

ಅವಳು ಬಿಳಿ ದುಪ್ಪಟಿ ಹಾಸಿ ದೀಪದ ಕೆಳಗೆ ಮಗುವಿನ ಬಟ್ಟೆ ಬಿಚ್ಚಿದಳು. ಚಮಚದ ಹಿಂಬದಿಯಿಂದ ಮೊದಲು ತನ್ನ ಮಣಿಕಟ್ಟು, ಆಮೇಲೆ ಮಗುವಿನ ಕೆನ್ನೆ, ಕಿವಿಯ ಹಿಂದೆ, ಗದ್ದದ ಕೆಳಗಿನ ಮಡಿಕೆ ಕೆರೆದಳು. ಮಡಿಕೆಯೊಳಗೆ ಜಿಡ್ಡು, ಹಾಲಿನ ಕೆನೆ, ಉಣ್ಣೆಯ ಎಳೆ, ಅದರ ನಡುವೆ ಕಂದು ಕಾಳು. ಒಂದಲ್ಲ, ಏಳೆಂಟು. ಮಧ್ಯಾಹ್ನ ಮ್ಮಾ ದಿನೇಒ ತಿನ್ನಿಸಿದ ಜೋಳದ ಗಂಜಿಯ ನುಚ್ಚು. ಅದೇ ಬಣ್ಣ, ಅದೇ ಗಾತ್ರ.

ಎಲ್ಲವನ್ನೂ ಪಾತ್ರೆಗೆ ಸುರಿದು ಕುದಿಸಿದಳು. ಒಂದು ತೋಳಲ್ಲಿ ಅಳುವ ಮಗು, ಇನ್ನೊಂದು ಕೈಯಲ್ಲಿ ಚಮಚ. ಮೇಲಿನ ಜಿಡ್ಡನ್ನು ಕಾಗದದಿಂದ ಎತ್ತಿ ತೆಗೆದು, ನೀರು ಬಗ್ಗಿಸಿ, ತಳದಲ್ಲಿ ಉಳಿದ ಕಾಳುಗಳನ್ನು ಒಂದೊಂದಾಗಿ ಸ್ಟೀಲು ತಟ್ಟೆಯ ಮೇಲಿಟ್ಟು ಚಮಚದಿಂದ ಒತ್ತಿದಳು. ಒಂದು ಮೆತ್ತಗೆ ಹಿಸುಕಿಹೋಯಿತು. ಎರಡನೆಯದೂ. ಮೂರನೆಯದೂ. ಇದೂ ಅಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು, ಅಲ್ಲಿ ಎಕ್ಸ್‌ರೇಯಲ್ಲಿ ಕಲ್ಲು ಕಂಡರೆ ಅವರು ಮೊದಲು ಕರೆಯುವುದು ಯಾರನ್ನು? ನಾಲ್ಕನೆಯದು ಹಿಸುಕಿತು. ಐದನೆಯದು ಹಿಸುಕಲಿಲ್ಲ. ಚಮಚ ಜಾರಿ, ತಟ್ಟೆಯ ಮೇಲೆ ಬೆಳ್ಳಿಯ ಗೀರೊಂದು ಬಿತ್ತು.

"ಸಿಕ್ತು," ಎಂದಳು. ಆಮೇಲೆ ಅಳು ಬಂತು.

ಅಪ್ಪನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅವನ ದನಿ ತಗ್ಗಿತು.

"ಈಗ ಅದು ನಿನ್ನ ಮನೇಲಿದೆ, ತಾಯಿ."

ಹೌದಲ್ಲ. ಇಷ್ಟು ಹೊತ್ತು ಅದು ಕಳೆದುಹೋದ ಕಲ್ಲು, ಈಗ ಮನೆಗೆ ತಂದ ಕಲ್ಲು. ಅವಳು ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅಪ್ಪ ಆಗ ಹೇಳಿದ್ದನ್ನು ಅವನು ಯಾರಿಗೂ, ಅಮ್ಮನಿಗೂ ಹೇಳಿರಲಿಲ್ಲ. ಅವಳು ಹುಟ್ಟುವ ಮುಂಚೆ ಒಂದು ದಿನ, ಅಷ್ಟೆಲ್ಲ ತಪಾಸಣೆ ದಾಟಿ, ಅವನ ಮೊಣಕೈಯ ಒಣಗಿದ ಜಿಡ್ಡಿನೊಳಗೆ ಒಂದು ಕಲ್ಲು ಮನೆಗೆ ಬಂದುಬಿಟ್ಟಿತ್ತು. ತಿರುಗಿ ಒಯ್ದರೆ ಕದ್ದವನೇ ಆಗುತ್ತೇನೆಂದು ಹೆದರಿ ಅದನ್ನು ಪಾಯಿಖಾನೆಯ ಗುಂಡಿಗೆ ಎಸೆದ. ಅದೇ ಮೇಜಿನಲ್ಲಿ ಅವನ ಎದುರು ನಿಲ್ಲುತ್ತಿದ್ದವನು ಮೊಟ್ಸುಮಿ. ಆ ಕಲ್ಲು ಕದ್ದನೆಂದು ವಾರದೊಳಗೆ ಮೊಟ್ಸುಮಿಯನ್ನು ಹಿಡಿದುಕೊಂಡು ಹೋದರು. ಎರಡು ವರ್ಷ ಜೈಲು.

ಮೊಟ್ಸುಮಿ ಮಾಮನನ್ನು ಗೊಮೊಲೆಮೊ ಬಲ್ಲಳು. ಚಿಕ್ಕವಳಿದ್ದಾಗ ತಂತಿ ಬಗ್ಗಿಸಿ ಅವಳಿಗೆ ಆಟದ ಕಾರು ಮಾಡಿಕೊಟ್ಟವನು. ಯಾರ ಮನೆಯೊಳಗೂ ಬರುತ್ತಿರಲಿಲ್ಲ, ಬೇಲಿಯಾಚೆಯೇ ನಿಂತು ಕೊಟ್ಟು ಹೋಗುತ್ತಿದ್ದ.

ಅವಳು ಫೋನಿಟ್ಟು ಅಡೋನಿಸ್‌ಗೆ ಹಚ್ಚಿದಳು. ಅವನು ಕೇಳಿಸಿಕೊಂಡು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವವನಂತೆ ತಡೆದು ಮಾತಾಡಿದ.

"ನೀನು ಫೋನೇ ಮಾಡಿಲ್ಲ ಅಂದ್ಕೋತೀನಿ. ಬೆಳಿಗ್ಗೆ ಎಂಟಕ್ಕೆ ಬಾ. ಮೇಜಿನ ಕಾಲಿನ ಹತ್ರ ಸಿಗುತ್ತೆ ಅದು. ಯಾರಿಗೆ ಏನು ನಷ್ಟ?"

ಯಾರಿಗೂ ಇಲ್ಲ. ಅಷ್ಟು ಸುಲಭ. ಅವಳು ಕಣ್ಣು ಮುಚ್ಚಿದಳು. ಬಟ್ಟೆಯೊಳಗೆ ವಜ್ರ ಗಂಟು ಕಟ್ಟಿಕೊಂಡು ಮತ್ತೆ ಅದೇ ವ್ಯಾನು, ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ? ಹಾಕದಿದ್ದರೂ, ಮೆತ್ತಿದ ಅರಗು ಒಡೆದು ಒಳಗೆ ಹೋದವರು ಯಾರೆಂದು ಮುಂದೊಂದು ದಿನ ಯಾರಾದರೂ ಕೇಳಿದರೆ? ರೂಮಿನ ಬೀಗದ ಕೈ ಒಂದೇ. ಅದು ಈ ಮುದುಕನ ಸೊಂಟದಲ್ಲಿದೆ.

"ಬೇಡ ಅಂಕಲ್," ಎಂದಳು. "ನಾನು ಅದನ್ನ ಎಲ್ಲಿಗೂ ಒಯ್ಯಲ್ಲ. ಯಾರನ್ನ ಕರ್ಕೊಂಡು ಬರ್ಬೇಕೋ ಅವ್ರನ್ನ ಕರ್ಕೊಂಡು ನೀವೇ ಬನ್ನಿ."

"ಅವ್ರು ಅಂದ್ರೆ ಯಾರು ಗೊತ್ತಲ್ಲ?"

"ಗೊತ್ತು."

ಅವರು ಬರುವ ತನಕ ಅವಳು ಕಲ್ಲನ್ನು ಪಾತ್ರೆಗೆ ಹಾಕಿ, ಮೇಜಿನ ನಟ್ಟನಡುವೆ ಮುಚ್ಚಳ ತೆಗೆದಿಟ್ಟು, ತನ್ನ ಎರಡೂ ಕೈಗಳನ್ನು ಅದರ ಪಕ್ಕ ಚಾಚಿ ಕೂತಳು. ಮಗು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಬೀದಿಯಲ್ಲಿ ಒಂದೊಂದು ಗಾಡಿ ನಿಧಾನಿಸಿದಾಗಲೂ ಬಾಗಿಲತ್ತ ನೋಡುತ್ತಿದ್ದಳು. ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿಡಬೇಕಿತ್ತೇ, ಹಾಲು ಎಷ್ಟಿದೆ, ತನ್ನನ್ನು ಕರೆದುಕೊಂಡು ಹೋದರೆ ಇವಳ ಕಂಬಳಿ ಯಾವುದೆಂದು ಯಾರಿಗೆ ಗೊತ್ತು, ಎಂದು ಯೋಚಿಸುತ್ತಲೇ ಇದ್ದಳು.

ಬಂದದ್ದು ಅಡೋನಿಸ್ ಮತ್ತು ಒಬ್ಬಳು ಮಹಿಳಾ ಪೊಲೀಸ್ ಅಧಿಕಾರಿ. ಅವಳು ಪಾತ್ರೆ ನೋಡಿದಳು, ಹಿಸುಕಿದ ನುಚ್ಚು ನೋಡಿದಳು, ಮಗುವಿನ ಗದ್ದ ಎತ್ತಿ ನೋಡಿದಳು. ಒಂದೇ ಮಾತನ್ನು ಮೂರು ಸಲ ತಿರುಗಿಸಿ ಕೇಳಿದಳು. ಜಿಡ್ಡಿನ ವಿಷಯ ಯಾರು ಹೇಳಿದ್ದೆಂದಾಗ ಗೊಮೊಲೆಮೊ ಅಪ್ಪನ ಹೆಸರು ಹೇಳಿದಳು. ಎಲ್ಲ ಬರೆದುಕೊಂಡು, ಕಲ್ಲನ್ನು ಪೊಟ್ಟಣ ಕಟ್ಟಿ ಮುದ್ರೆ ಒತ್ತಿ, ಊರು ಬಿಟ್ಟು ಹೋಗಬೇಡ ಎಂದಷ್ಟೇ ಹೇಳಿ ಹೋದಳು.

ವಿಚಾರಣೆ ಮೂರು ವಾರ ನಡೆಯಿತು. ಕಲ್ಲಿನ ತೂಕ ಪುಸ್ತಕದಲ್ಲಿದ್ದ ತೂಕಕ್ಕೆ ಸರಿಯಾಗಿ ಕೂತಿತು. ಬಂದ ಪತ್ರದಲ್ಲಿ ಎಚ್ಚರಿಕೆ ಮಾತ್ರ ಇತ್ತು, ಕೆಲಸ ಕರಾರು ಮುಗಿಯುವ ತನಕ ಉಳಿಯಿತು. ಆದರೆ ಆ ಪತ್ರ ಅವಳ ಹೆಸರಿನ ಕಡತದಲ್ಲಿ ಎಂದೆಂದಿಗೂ ಇರುತ್ತದೆ. ಅವಳೀಗ ಮಣಿಕಟ್ಟು ಬಿರಿದು ರಕ್ತ ಬಂದರೂ ಏನೂ ಸವರಿಕೊಳ್ಳುವುದಿಲ್ಲ. ಮಗುವಿನ ಕೆನ್ನೆಗೆ ಹಚ್ಚುವುದನ್ನು ಬೆಳಿಗ್ಗೆ ಮ್ಮಾ ದಿನೇಒಗೆ ಬಿಟ್ಟಿದ್ದಾಳೆ.

ಪತ್ರ ಬಂದ ದಿನ ಅಪ್ಪನಿಗೆ ಓದಿ ಹೇಳಿದಳು.

"ಪೊಲೀಸಿನವಳ ಹತ್ರ ನನ್ನ ಹೆಸರು ಹೇಳಿದ್ಯಲ್ಲ?" ಎಂದು ಕೇಳಿದ.

"ಹೇಳ್ದೆ ಅಪ್ಪಾ."

"ಮೊಟ್ಸುಮಿದು?"

"ಇಲ್ಲ."

ಮೊಟ್ಸುಮಿ ತೀರಿಕೊಂಡ ಮೇಲೂ ಅವನ ಹೆಂಡತಿ ಅಪ್ಪನ ಬೀದಿಯ ಕೊನೆಯ ಮನೆಯಲ್ಲೇ ಇದ್ದಾಳೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ನಂಗೆ ಹೆದ್ರಿಕೆ ಆಗುತ್ತೆ ಕಣೇ, ಗೊಮೊ," ಎಂದ ಅಪ್ಪ. "ನೀನೂ ಬಾ. ನೀನು ಪಕ್ಕದಲ್ಲಿದ್ರೆ ಅವ್ನ ಹೆಂಡ್ತಿಗೆ ಹೇಳ್ತೀನಿ."