ಹಡಗಿನವರ ಮುಂದೆ ಯೂಲಾಲಿ

ಕೆರಿಬಿಯನ್ ದ್ವೀಪ ಡೊಮಿನಿಕಾದ ರೋಸೋ ಬಂದರಿಗೆ ವಿಹಾರದ ಹಡಗು ಬಂದಾಗಲೆಲ್ಲ ಚೌಕಳಿ ಲಂಗ ತೊಟ್ಟು ಕುಣಿಯುವುದೇ ಯೂಲಾಲಿಯ ಕಸುಬು. ಬೆಳಿಗ್ಗೆ ಇಳಿದು, ಐಸ್‌ಕ್ರೀಂ ನೆಕ್ಕಿ, ಸಂಜೆಗೆ ಹೊರಟುಬಿಡುವ ಆ ಪ್ರವಾಸಿಗರ ಬಗ್ಗೆ ಅವಳು ತಲೆ ಕೆಡಿಸಿಕೊಂಡವಳಲ್ಲ.

ಅವಳ ಅಣ್ಣ ಅಲ್ಫಿಯಸ್‌ನ ಶವಪೆಟ್ಟಿಗೆ ಕಹಳೆ, ಡೋಲುಗಳೊಡನೆ ಬಂದರಿನ ಬೀದಿಯಲ್ಲಿ ಸಾಗಿದ ದಿನವೂ ಹಡಗು ಬಂದಿತ್ತು. ಬೊಜ್ಜಿನ ಪ್ರವಾಸಿಯೊಬ್ಬ ಮೆರವಣಿಗೆಯೊಳಗೆ ನುಗ್ಗಿ, ಸೊಂಟ ಕುಣಿಸುತ್ತ ಹೆಂಡತಿಯ ಫೋನಿಗೆ ಹಲ್ಲುಕಿರಿದ.

"ಇದ್ಯಾವ ಹಬ್ಬಮ್ಮಾ?" ಎಂದು ಯೂಲಾಲಿಯನ್ನೇ ಕೇಳಿದ.

ಅವಳು ಅವನಿಗೆ ತಿಳಿಯದ ತನ್ನ ಕ್ರಿಯೋಲ್ ಮಾತಿನಲ್ಲಿ, "ನಮ್ಮಣ್ಣನ ಮಣ್ಣು ಕಣೋ, ಕೊಬ್ಬಿದ ಹಂದಿ! ಕುಣಿ, ಕುಣಿ!" ಎಂದಳು.

ಅವನು ಚಪ್ಪಾಳೆ ತಟ್ಟಿದ. ಪೆಟ್ಟಿಗೆ ಹೊತ್ತವರು ನಗು ತಡೆಯಲಾರದೆ ತತ್ತರಿಸಿದರು.

ಮರುವಾರ ಕುಣಿತದ ಮೇಸ್ತ್ರಿ ಬಾಗಿಲಿಗೆ ಬಂದು ಕೂಗಿದ: "ಹಡಗು ಬಂತು, ಬಾರೇ!"

ಯೂಲಾಲಿ ಲಂಗವನ್ನು ಅವನ ಮುಖಕ್ಕೆಸೆದಳು. "ನೀನೇ ಉಟ್ಕೊಂಡು ಕುಣಿ, ಹೋಗು."